ಮೇಲ್ದಂಡೆಯಿಂದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಕೆಂಗೇರಿಯಲ್ಲಿ ಮನೆ ಮಾಡಿದಂದಿನಿಂದ, ಈ ವೃಷಭಾವತಿ ಹೊಳೆಯ ಬಗ್ಗೆ ಒಮ್ಮೆಯಾದರೂ ಬರೆ ಎಂದು ನೀನು ಹೇಳುತ್ತಲೇ ಬಂದಿದ್ದೀಯ. ಈಗ ಬರೆಯುತ್ತಿದ್ದೇನೆ. ನಿನ್ನೊಬ್ಬನಿಗೇ ಕಳುಹಿಸದೆ ಎಲ್ಲರೂ ಓದುವಂತೆ ಇಲ್ಲಿ ಹಾಕುತ್ತಿರುವುದಕ್ಕೆ ಕಾರಣವಿದೆ. ನಮ್ಮ ಬೀದಿಯವರೂ ಇದನ್ನು ಓದಬೇಕು. ಅಲ್ಲದೆ, ನಿನ್ನೊಬ್ಬನಿಗೇ ಬರೆಯಲು ಕುಳಿತರೆ ಹೇಳಬೇಕಾದದ್ದನ್ನು ಬಿಟ್ಟು ಕ್ಷೇಮ ಸಮಾಚಾರದಲ್ಲಿಯೇ ಮುಗಿಸಿಬಿಡುತ್ತೇನೆ ಎಂಬ ಭಯವೂ ನನಗಿದೆ.

ನಮ್ಮ ಹೊಳೆಯನ್ನು ಕಾಣದವರಿಗಾಗಿ ನಾಲ್ಕು ಮಾತು. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತಾಳೆಂದು ಜನ ನಂಬಿರುವ ವೃಷಭಾವತಿಯು ಗಾಳಿ ಆಂಜನೇಯನ ಗುಡಿಯ ಪಕ್ಕದಲ್ಲಿ ಹಾದು, ನಾಯಂಡಹಳ್ಳಿ ಮತ್ತು ಜ್ಞಾನಭಾರತಿಯನ್ನು ದಾಟಿ, ಮೈಸೂರು ರಸ್ತೆಗೆ ಜೊತೆಯಾಗಿ ಕೆಂಗೇರಿಗೆ ಬರುತ್ತಾಳೆ. ದಾರಿಯಲ್ಲಿ ನಗರದ ಪಶ್ಚಿಮ ಭಾಗದ ರಾಜಕಾಲುವೆಗಳೆಲ್ಲ ಅವಳನ್ನು ಸೇರುತ್ತವೆ. ಪೀಣ್ಯದ ಕಾರ್ಖಾನೆಗಳ ನೀರೂ ಸೇರುತ್ತದೆ. ಶುದ್ಧೀಕರಣ ಘಟಕಗಳಿವೆ, ಆದರೆ ಅವುಗಳ ಕಣ್ಣು ತಪ್ಪಿಸಿ ಬರುವ ಕೊಳಚೆಯೇ ಹೊಳೆಯ ಬಣ್ಣವನ್ನು ನಿರ್ಧರಿಸುತ್ತದೆ. ನಾವಿಬ್ಬರೂ ಜ್ಞಾನಭಾರತಿಯ ಹಾಸ್ಟೆಲ್ಲಿನಲ್ಲಿದ್ದಾಗ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ನೀರೇ ಇದು. ಬಸ್ಸಿನ ಕಂಡಕ್ಟರಿನಿಂದ ಹಿಡಿದು ಮನೆ ತೋರಿಸುವ ಬ್ರೋಕರಿನವರೆಗೆ ಎಲ್ಲರಿಗೂ ಇದು ಕೆಂಗೇರಿ ಮೋರಿ.

ಹೊಳೆ ದಂಡೆಯ ಮನೆ ಎಂದರೆ ಊರಿನ ನಮ್ಮ ಬಂಧುಗಳು ಬೇರೆಯದನ್ನೇ ಕಲ್ಪಿಸಿಕೊಳ್ಳುತ್ತಾರೆ. ಇಲ್ಲಿ ಬಾಡಿಗೆಗೆ ಮನೆ ನೋಡಲು ಬಂದವರು ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳಿದ ಮೇಲೆ ಕೇಳುವುದು ಕಿಟಕಿಗಳು ಯಾವ ಕಡೆಗಿವೆ ಎಂದು. ಮನೆಯನ್ನು ಬ್ರೋಕರು ತೋರಿಸುವುದು ಹಗಲು ಹೊತ್ತಿನಲ್ಲಿ, ಬಿಸಿಲು ಚೆನ್ನಾಗಿದ್ದಾಗ. ವಾಸನೆ ಭಾರವಾಗುವುದು ರಾತ್ರಿ, ಗಾಳಿ ತಣ್ಣಗಾಗಿ ನೆಲದ ಮಟ್ಟಕ್ಕೆ ಕುಳಿತ ಮೇಲೆ. ಗಾಳಿಯಾಡದ ಕೊಳಚೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಮೂಗಿನಲ್ಲಿ ಮಾತ್ರ ನಿಲ್ಲುವುದಿಲ್ಲ. ಹಬ್ಬಕ್ಕೆಂದು ತಿಕ್ಕಿಟ್ಟ ಬೆಳ್ಳಿಯ ದೀಪಗಳು ಕೆಲವೇ ದಿನಗಳಲ್ಲಿ ಕಪ್ಪಾಗುತ್ತವೆ. ಏ.ಸಿ. ರಿಪೇರಿಗೆ ಬಂದ ಹುಡುಗ ಒಳಗಿನ ತಾಮ್ರದ ಕಾಯಿಲನ್ನು ತೋರಿಸಿ, "ಮೋರಿ ಪಕ್ಕದ ಮನೆಗಳಲ್ಲೆಲ್ಲ ಹೀಗೇ ಸಾರ್" ಎಂದು ಹೇಳಿ ಹೋದ.

ಇಷ್ಟಿದ್ದರೂ ಈ ಉಪನಗರವನ್ನು ನಾನು ಪ್ರೀತಿಸುತ್ತೇನೆ. ಅಳೆದು ಹಾಕಿದ ರಸ್ತೆಗಳು, ಎರಡೂ ಬದಿಯಲ್ಲಿ ಬೆಳೆದು ನಿಂತ ಹೊಂಗೆಮರಗಳು, ಸಂಜೆ ಪಾರ್ಕಿನಲ್ಲಿ ಕೂರುವ ನಿವೃತ್ತ ಮೇಷ್ಟರುಗಳು, ದಿನವೂ ಹೆಸರು ಹಿಡಿದು ಮಾತನಾಡಿಸುವ ಅಂಗಡಿಯವರು, ಇವೆಲ್ಲ ನಗರದೊಳಗೆ ನಮಗೆ ಸಿಗುತ್ತಿರಲಿಲ್ಲ. 2021ರಲ್ಲಿ ಮೆಟ್ರೋ ಕೆಂಗೇರಿಗೆ ಬಂದ ಮೇಲೆ ಆಫೀಸೂ ಹತ್ತಿರವಾಯಿತು. ಮಗಳು ಇಲ್ಲಿಯೇ ಸೈಕಲ್ ಕಲಿತಳು. ಆದ್ದರಿಂದ ಇಷ್ಟು ವರ್ಷಗಳಲ್ಲಿ ನಾವು ಈ ಬೀದಿಯವರೆಲ್ಲ ಒಂದು ತಿಳಿವಳಿಕೆಗೆ ಬಂದಿದ್ದೆವು: ನಗರ ತನ್ನ ಕೊಳೆಯನ್ನು ನಮ್ಮ ಮುಂದೆ ಹರಿಯಬಿಟ್ಟಿದೆ, ಅದನ್ನು ಸಹಿಸಿಕೊಂಡಿರುವವರು ನಾವು. ಬಡಾವಣೆಯ ಸಂಘದ ಪ್ರತಿಯೊಂದು ಮನವಿಪತ್ರವೂ ಹಾಗೆಯೇ ಆರಂಭವಾಗುತ್ತದೆ. ಅವುಗಳಲ್ಲಿ ಕೆಲವನ್ನು ಬರೆದುಕೊಟ್ಟವನು ನಾನೇ.

ಈ ತಿಳಿವಳಿಕೆ ಅಲುಗಾಡಲು ಶುರುವಾದದ್ದು 2024ರ ಬೇಸಿಗೆಯಲ್ಲಿ. ಆ ಬರಗಾಲ ನಿನಗೂ ನೆನಪಿರಬೇಕು. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನವರು ಫೋನೆತ್ತುವುದನ್ನೇ ನಿಲ್ಲಿಸಿ, ಬೀದಿಯ ಹೆಂಗಸರು ಗಂಡಸರೆಲ್ಲ ಕೊಡ ಹಿಡಿದು ನಿಂತ ದಿನಗಳಲ್ಲಿಯೂ ಹೊಳೆ ಮಾತ್ರ ತುಂಬಿ ಹರಿಯುತ್ತಲೇ ಇತ್ತು. ತಿಂಗಳುಗಟ್ಟಲೆ ಮಳೆಯಿಲ್ಲದ ಊರಿನಲ್ಲಿ, ಸಹಜವಾಗಿ ಮಳೆಗಾಲದಲ್ಲಷ್ಟೇ ಮೈದುಂಬಬೇಕಾದ ಹಳ್ಳವೊಂದು ಮಾರ್ಚಿಯಲ್ಲಿ ಹೇಗೆ ಹರಿಯುತ್ತದೆ ಎಂದು ಮಗಳು ಕೇಳಿದಳು. ಉತ್ತರ ನನಗೆ ಗೊತ್ತಿತ್ತು, ಆದರೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅದು ಕಾವೇರಿ. 1974ರಿಂದ, ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯ ಕಡೆಯಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ನಾವು ತಂದುಕೊಳ್ಳುತ್ತಿರುವ ನೀರು, ನಮ್ಮ ಅಡುಗೆಮನೆ ಬಚ್ಚಲುಮನೆಗಳನ್ನು ದಾಟಿ ಈ ಹೊಳೆಗೆ ಇಳಿಯುತ್ತದೆ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಳಚೆಯಾಗಿ ಹೊರಹೋಗುತ್ತದೆ ಎಂಬ ಲೆಕ್ಕದ ಮೇಲೆಯೇ ಎಂಜಿನಿಯರುಗಳು ಒಳಚರಂಡಿಯನ್ನು ವಿನ್ಯಾಸ ಮಾಡುತ್ತಾರೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿ, ನಗರದ ಸುತ್ತಲಿನ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ಬಂದಾಗ ನಮ್ಮ ಬಡಾವಣೆಯಲ್ಲಿಯೂ ಸಿಹಿ ಹಂಚಿದರು. ಆ ನೀರೂ ಬಳಕೆಯಾದ ಮೇಲೆ ಎಲ್ಲಿಗೋ ಇಳಿಯಲೇಬೇಕಲ್ಲವೆ? ಬೆಂಗಳೂರು ಕುಳಿತಿರುವುದು ದಿಬ್ಬದ ಮೇಲೆ. ಪೂರ್ವಕ್ಕೆ ಇಳಿದದ್ದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಪಶ್ಚಿಮಕ್ಕೆ ಇಳಿದದ್ದು ನಮ್ಮ ಮುಂದೆ ಹಾದು, ಕುಂಬಳಗೋಡು ದಾಟಿ, ಬಿಡದಿಯ ಬಳಿ ನಿಮ್ಮ ಬೈರಮಂಗಲದ ಕೆರೆಗೆ ಬರುತ್ತದೆ.

ನಿಮ್ಮ ಕೆರೆಯ ಹೆಸರು ಬರೆಯುವಾಗ ಕೈ ತಡೆಯಿತು. ಹತ್ತಿಪ್ಪತ್ತು ಕಿಲೋಮೀಟರ್ ಅಂತರದ, ಒಂದೇ ನೀರಿನ ಎರಡು ದಡಗಳಲ್ಲಿದ್ದೂ ನಾವಿಬ್ಬರು ಈ ನೀರಿನ ಬಗ್ಗೆ ನೇರವಾಗಿ ಒಂದು ದಿನವೂ ಮಾತನಾಡಿಲ್ಲ. ಆದರೆ ನೀನು ಮಳೆಗಾಲದಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಫೋನು ಮಾಡಿ, "ರಾತ್ರಿ ನಿಮ್ಮ ಕಡೆ ಮಳೆ ಜೋರಾಗಿತ್ತಾ?" ಎಂದು ಕೇಳುತ್ತೀಯ. ಹೊಳೆ ದಂಡೆಯಲ್ಲಿರುವವನ ಮನೆಗೆ ನೀರು ನುಗ್ಗಿತೇನೋ ಎಂಬ ಕಾಳಜಿ ಅದು ಎಂದು ನಾನು ತಿಳಿದಿದ್ದೆ, ಹೆಂಡತಿಗೂ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಹೋದ ತಿಂಗಳು ನೀನು ಅದೇ ಪ್ರಶ್ನೆ ಕೇಳಿ, ನಾನು ಹೌದೆಂದ ಕೂಡಲೇ, ಫೋನನ್ನು ಸ್ವಲ್ಪ ದೂರ ಹಿಡಿದು ಯಾರಿಗೋ "ಇವತ್ತು ಮೋಟಾರ್ ಹಾಕಬೇಡ" ಎಂದು ಕೂಗಿ ಹೇಳಿದೆ. ಅದನ್ನು ಕೇಳಿಸಿಕೊಂಡ ಮೇಲೆ ನಾನು ಬಹಳ ಹೊತ್ತು ಬೇರೇನೂ ಮಾಡಲಾಗಲಿಲ್ಲ.

ಮಳೆ ಬಂದ ರಾತ್ರಿ ನಮ್ಮ ಬೀದಿಯಲ್ಲಿ ಏನಾಗುತ್ತದೆಂಬುದನ್ನು ನಿನಗೆ ಹೇಳಬೇಕು. ತಿಂಗಳುಗಟ್ಟಲೆ ತಳದಲ್ಲಿ ಕೂತ ಹೂಳು, ರಾಜಕಾಲುವೆಗಳಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ಕು, ಸತ್ತ ನಾಯಿ, ಹಳೆಯ ಹಾಸಿಗೆ, ಎಲ್ಲವೂ ಒಂದೇ ರಭಸದಲ್ಲಿ ಕೊಚ್ಚಿಕೊಂಡು ಹೋಗುತ್ತವೆ. ಬೆಳಿಗ್ಗೆ ಎದ್ದಾಗ ಗಾಳಿ ಹಗುರವಾಗಿರುತ್ತದೆ. ಕಿಟಕಿಗಳು ತೆರೆದುಕೊಳ್ಳುತ್ತವೆ, ವಾಕಿಂಗ್ ಹೊರಟವರು ಒಬ್ಬರಿಗೊಬ್ಬರು "ತೊಳೆದ ಹಾಗಾಯಿತು" ಎಂದು ಹೇಳಿಕೊಳ್ಳುತ್ತಾರೆ. ನಾನೂ ಹೇಳಿದ್ದೇನೆ. ಎದೆ ತುಂಬ ಉಸಿರು ತೆಗೆದುಕೊಂಡು, ಸಂತೋಷದಿಂದ ಹೇಳಿದ್ದೇನೆ. ನಮ್ಮ ಕಡೆ ತೊಳೆದುಹೋದದ್ದು ಕೆಲವು ಗಂಟೆಗಳ ನಂತರ ನಿನ್ನ ಕಾಲುವೆಯ ಬಾಯಿಗೆ ಬಂದು ನಿಂತಿರುತ್ತದೆ ಎಂಬುದನ್ನು, ನಮ್ಮ ಬಟ್ಟೆ ಪಾತ್ರೆಗಳ ಸೋಪು ನಿಮ್ಮ ಕೆರೆಯ ಕೋಡಿಯಲ್ಲಿ ಧುಮ್ಮಿಕ್ಕಿ, ಆಳೆತ್ತರದ ನೊರೆಯಾಗಿ ಗಾಳಿಗೆ ಹಾರಿ ಗದ್ದೆಯ ಮೇಲೆ ಬೀಳುತ್ತದೆ ಎಂಬುದನ್ನು, ನಾನು ಯೋಚಿಸಿರಲಿಲ್ಲ. ನೊರೆಯ ಚಿತ್ರಗಳನ್ನು ಪತ್ರಿಕೆಯಲ್ಲಿ ನೋಡಿದ್ದೆ. ಅದರಲ್ಲಿ ನನ್ನ ಮನೆಯದೂ ಇದೆ ಎಂದು ಎಣಿಸಿರಲಿಲ್ಲ.

1940ರ ದಶಕದಲ್ಲಿ ಆ ಕೆರೆಯನ್ನು ಕಟ್ಟಿದ್ದು ಬಯಲಿಗೆ ನೀರುಣಿಸಲೆಂದು. ನಿನ್ನ ತಾತ ಅದರ ನೀರಿನಲ್ಲಿ ಭತ್ತ ಬೆಳೆದದ್ದನ್ನು, ನಿನ್ನ ತಂದೆ ಅದರಲ್ಲಿ ಈಜು ಕಲಿತದ್ದನ್ನು ಹಾಸ್ಟೆಲ್ಲಿನಲ್ಲಿ ನೀನೇ ಹೇಳಿದ್ದೆ. ಈಗ ಅದೇ ಗದ್ದೆಯಲ್ಲಿ ಸೀಮೆಹುಲ್ಲು, ಬೇಬಿ ಕಾರ್ನ್. ಬಾವಿಯ ನೀರನ್ನು ಕುಡಿಯುವುದು ಬಿಟ್ಟು, ಕ್ಯಾನಿನ ನೀರು ತರಿಸುತ್ತಿದ್ದೀರಿ. ಹಬ್ಬಕ್ಕೆ ಬಂದಾಗ ನಿನ್ನ ಅಮ್ಮ ನನಗೂ ಕ್ಯಾನಿನ ನೀರನ್ನೇ ಕೊಟ್ಟರು, ಅತಿಥಿ ಸತ್ಕಾರವೆಂದು ನಾನು ಕುಡಿದೆ.

ಇನ್ನೊಂದು ವಿಷಯವಿದೆ. ಇದನ್ನು ಬರೆಯುವ ಉದ್ದೇಶ ಪತ್ರ ಆರಂಭಿಸಿದಾಗ ನನಗಿರಲಿಲ್ಲ. ನಾನು ಸೊಪ್ಪು ತರಕಾರಿ ಕೊಳ್ಳುವಾಗ ಗಾಡಿಯವರನ್ನು, ಇದು ಯಾವ ಕಡೆಯದು ಎಂದು ಕೇಳುತ್ತೇನೆ. ಬಿಡದಿಯ ಕಡೆಯದು ಎಂದರೆ ಕೈಗೆತ್ತಿಕೊಂಡ ಕಟ್ಟನ್ನು ಕೆಳಗಿಟ್ಟು ಮುಂದಕ್ಕೆ ಹೋಗುತ್ತೇನೆ. ಮೋರಿ ನೀರಿನ ಬೆಳೆಯಲ್ಲಿ ಸೀಸ, ಕ್ರೋಮಿಯಂ ಇರುತ್ತವೆಂದು ಓದಿದಂದಿನಿಂದ ಹೀಗೆ ಮಾಡುತ್ತಿದ್ದೇನೆ. ಮಗಳಿರುವ ಮನೆಯಲ್ಲಿ ಎಚ್ಚರವಾಗಿರುವುದು ತಪ್ಪಲ್ಲವೆಂದು ನನಗೆ ನಾನೇ ಹೇಳಿಕೊಂಡಿದ್ದೇನೆ, ಈಗಲೂ ಅದು ತಪ್ಪೆಂದು ಹೇಳಲಾರೆ. ಆದರೆ ನಾನು ಕೆಳಗಿಟ್ಟದ್ದು ನೀನು ಬೆಳೆದದ್ದಾಗಿರಬಹುದು. ನನ್ನ ಮನೆಯಿಂದ ಹೊರಟ ನೀರಿನಲ್ಲಿ, ಬೇರೆ ನೀರಿಲ್ಲದೆ ನೀನು ಬೆಳೆದದ್ದನ್ನು, ನನ್ನ ಮನೆಗೆ ತರಲು ನಾನು ಒಪ್ಪುತ್ತಿಲ್ಲ. ಇದು ನಿನಗೆ ಮೊದಲಿನಿಂದಲೂ ಗೊತ್ತಿತ್ತೇನೋ ಎಂಬ ಅನುಮಾನ ನನ್ನನ್ನು ಹೆಚ್ಚು ಕಾಡುತ್ತಿದೆ. ನಮ್ಮ ಮನೆಗೆ ಬರುವಾಗಲೆಲ್ಲ ನೀನು ತರುವುದು ತೆಂಗಿನಕಾಯಿ, ಹುಣಸೆಹಣ್ಣು, ಮಾಗಡಿಯ ಸಂತೆಯ ಅವರೆಕಾಯಿ. ಗದ್ದೆಯದನ್ನು ಒಮ್ಮೆಯೂ ತಂದಿಲ್ಲ. ಏಕೆಂದು ನಾನು ಕೇಳಿಲ್ಲ, ನೀನು ಹೇಳಿಲ್ಲ.

ಬಡಾವಣೆಯ ಸಂಘದ ಮುಂದಿನ ಸಭೆಯಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ನಾವು ಇಷ್ಟು ದಿನ ಕೇಳಿದ್ದು ಹೊಳೆಗೆ ಎತ್ತರದ ಗೋಡೆ, ಅದರ ಮೇಲೆ ಹಸಿರು ಜಾಲರಿ, ವಾಸನೆ ಬಾರದಂತೆ ಮುಚ್ಚಳ. ಮುಚ್ಚಿದರೂ ಅದು ಹರಿದು ನಿಮ್ಮಲ್ಲಿಗೇ ಬರುತ್ತದೆ. ಕೇಳಬೇಕಾದದ್ದು ಪ್ರತಿ ರಾಜಕಾಲುವೆಯ ಬಾಯಿಯಲ್ಲಿ ಕೊಳಚೆಯನ್ನು ತಡೆದು ಶುದ್ಧೀಕರಣ ಘಟಕಕ್ಕೆ ಸೇರಿಸುವ ಕೊಳವೆಗಳನ್ನು, ಮತ್ತು ಘಟಕದಿಂದ ಹೊರಬಿದ್ದ ನೀರು ಹೇಗಿದೆಯೆಂದು ಕೆಳಗಿನ ಊರುಗಳವರೂ ನೋಡಬಹುದಾದಂತೆ ಪ್ರಕಟಿಸುವ ಲೆಕ್ಕವನ್ನು. ಸಭೆಗೆ ನೀನೂ ಬರಬೇಕು. ಕೆಳಗಿನವರೊಬ್ಬರು ಎದುರಿಗೆ ಕೂತಿದ್ದರೆ, ಸಹಿಸಿಕೊಂಡಿರುವವರು ನಾವು ಎಂಬ ಸಾಲನ್ನು ಯಾರೂ ಓದಲಾರರು.

2025ರಲ್ಲಿ ನಿಮ್ಮ ಜಿಲ್ಲೆಗೆ ಬೆಂಗಳೂರಿನ ಹೆಸರು ಬಂತು. ನೀರು ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಬಂದಿತ್ತು. ಈಗ ಬಿಡದಿಯ ಸುತ್ತ ದೊಡ್ಡ ಉಪನಗರ ಕಟ್ಟುವ ಯೋಜನೆಗೆ ಬೈರಮಂಗಲದ ಕಡೆಯ ಜಮೀನುಗಳನ್ನೂ ಗುರುತಿಸಿದ್ದಾರೆ, ರೈತರು ಧರಣಿ ಕೂತಿದ್ದಾರೆ, ನೀನೂ ಅವರ ನಡುವೆ ಇದ್ದೀಯ. ಅದರ ಬಗ್ಗೆ ಇಲ್ಲಿ ಕೂತು ಬುದ್ಧಿ ಹೇಳುವ ಹಕ್ಕು ನನಗಿಲ್ಲ. ನಿನ್ನ ಗದ್ದೆ ಬಡಾವಣೆಯಾದರೆ, ಅಲ್ಲಿ ಮನೆ ಕಟ್ಟಿದವರ ನೀರು ಅರ್ಕಾವತಿಗೆ ಇಳಿದು, ಕನಕಪುರದ ಕಡೆಯ ಇನ್ನಾರದೋ ಗದ್ದೆಯನ್ನು ಸೇರಿ, ಕೊನೆಗೆ ಸಂಗಮದಲ್ಲಿ ಕಾವೇರಿಯನ್ನೇ ಮುಟ್ಟುತ್ತದೆ ಎಂಬುದಷ್ಟೇ ಕಣ್ಣಿಗೆ ಕಟ್ಟುತ್ತದೆ.

ಸಾಕು, ಬಹಳ ಗಂಭೀರವಾಯಿತು. ಭಾನುವಾರದ ಪ್ಯಾಸೆಂಜರ್ ರೈಲಿಗೆ ನಾನೇ ಬಿಡದಿಗೆ ಬರುತ್ತೇನೆ. ಸ್ಟೇಷನ್ನಿನಿಂದ ನೇರವಾಗಿ ಮನೆಗೆ ಕರೆದುಕೊಂಡು ಹೋಗಬೇಡ. ಮೊದಲು ಕೆರೆಯ ಏರಿಯ ಮೇಲೆ ನಡೆಸಿಕೊಂಡು ಹೋಗು, ಆಮೇಲೆ ತಟ್ಟೆ ಇಡ್ಲಿ. ಬಿಲ್ಲು ಯಾರು ಕೊಡಬೇಕೆಂಬುದು ಹಾಸ್ಟೆಲ್ಲಿನ ದಿನಗಳಲ್ಲಿಯೇ ತೀರ್ಮಾನವಾಗಿದೆ. ಬರುವಾಗ ನಿನ್ನ ಗದ್ದೆಯ ಬೇಬಿ ಕಾರ್ನ್ ಒಂದು ಚೀಲ ಕಟ್ಟಿಕೊಡು ಎಂದು ಕೇಳುತ್ತೇನೆ. ಕೊಡುವುದೋ ಬಿಡುವುದೋ ನಿನ್ನ ಇಷ್ಟ.

ಇಂತಿ ನಿನ್ನ,
ಕೆಂಗೇರಿಯವನು