ಸಾಲು ಸೊಟ್ಟ ಕಂಡ ದಿನವೇ ಚಿತ್ರ ತೆಗೆಯಬೇಕು: ಗದಗಿನ ನಮ್ಮ ಕಣ್ಣಿನ ಕ್ಲಿನಿಕ್‌ಗೆ ಓಸಿಟಿ ಯಂತ್ರಕ್ಕಾಗಿ ಮನವಿ

ಆತ್ಮೀಯರೇ, ಶರಣು ಶರಣಾರ್ಥಿ.

ನಮ್ಮ ಅಪ್ಪ ಗದಗಿನ ಒಂದು ಪ್ರೆಸ್ಸಿನಲ್ಲಿ 38 ವರ್ಷ ಅಚ್ಚುಮೊಳೆ ಜೋಡಿಸಿದವರು. ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿ ಇರುತ್ತದೆ, ಅಲ್ವಾ? ನಾವು ಪೇಪರ್ ಓದುವಷ್ಟೇ ಸಲೀಸಾಗಿ ಅದನ್ನು ಓದುತ್ತಿದ್ದರು. ಸಾಲು ಕೂದಲೆಳೆಯಷ್ಟು ಏರಿದ್ದರೂ ಬೆರಳಿಂದ ಒತ್ತಿ ಸರಿ ಮಾಡುತ್ತಿದ್ದರು. ಅಂಥವರು ಒಂದು ಬೆಳಿಗ್ಗೆ ಪೇಪರ್ ಹಿಡಿದುಕೊಂಡು, "ಪ್ರೆಸ್ಸಿನವರು ಏನ್ ಮಾಡ್ಯಾರ ನೋಡೋ, ಸಾಲೆಲ್ಲ ಸೊಟ್ಟ ಅದಾವ" ಅಂದರು. ನಾನು ನೋಡಿದೆ. ಸಾಲು ನೆಟ್ಟಗೇ ಇತ್ತು.

ಅವತ್ತೇ ಓಡಬೇಕಿತ್ತು. ಓಡಲಿಲ್ಲ. ವಯಸ್ಸು 71, ಕನ್ನಡಕ ಬದಲಿಸಿದರೆ ಆಯಿತು ಅಂದುಕೊಂಡೆವು. ಬದಲಿಸಿದೆವು. ಮೂರು ತಿಂಗಳಿಗೆ ಮತ್ತೆ ಬದಲಿಸಿದೆವು. ಆಮೇಲೆ ಪೊರೆ ಇದೆ ಅಂದರು, ಪೊರೆ ಆಪರೇಷನ್ನೂ ಆಯಿತು. ಬಣ್ಣಗಳು ಚಂದ ಕಾಣತೊಡಗಿದವು, ಅಕ್ಷರ ಮಾತ್ರ ಕಾಣಲಿಲ್ಲ. ಕೊನೆಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆವು. ಅಷ್ಟರಲ್ಲಿ ಬಲಗಣ್ಣಿನ ಒಳಗೆ, ನಟ್ಟನಡುವೆ, ಗಾಯದ ಕಲೆ ಕೂತುಬಿಟ್ಟಿತ್ತು. ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು, "ಮೊದಲು ಇಲ್ಲಿ ನೀರು ತುಂಬಿರುತ್ತದೆ. ಆಗ ಬಂದಿದ್ದರೆ ಇಂಜೆಕ್ಷನ್ ಕೊಡಬಹುದಿತ್ತು" ಅಂದರು. ಅಪ್ಪ ಏನೂ ಮಾತಾಡಲಿಲ್ಲ. ಬಸ್ಸಿನಲ್ಲಿ ಅಣ್ಣಿಗೇರಿ ದಾಟಿದ ಮೇಲೆ, "ಆ ಫೋಟೋ ಮೊದ್ಲ ತಗಸಿದ್ರ ಆಗ್ತಿತ್ತು" ಅಂತ ಒಂದೇ ಮಾತು ಹೇಳಿದರು.

ಆ ಫೋಟೋ ತೆಗೆಯುವ ಯಂತ್ರದ ಹೆಸರು ಓಸಿಟಿ. ಅದು ನಮ್ಮ ಟ್ರಸ್ಟಿನ ಕ್ಲಿನಿಕ್‌ಗೆ ಬೇಕು. ಅದಕ್ಕೇ ಈ ಪತ್ರ.

ಅಪ್ಪನಿಗೆ ಆಗಿದ್ದು ವಯಸ್ಸಿನ ಜೊತೆ ಬರುವ ಮ್ಯಾಕ್ಯುಲಾ ಸವೆತ. ಡಾಕ್ಟರುಗಳು ಎಎಂಡಿ ಅನ್ನುತ್ತಾರೆ. ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅನ್ನುವ ತೆಳು ಪದರ ಇದೆ. ಅದರ ನಡುವಿನ ಚಿಕ್ಕ ಜಾಗ ಮ್ಯಾಕ್ಯುಲಾ. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗೆ ಬಂದವರ ಮುಖ ಗುರುತಿಸುವುದು, ಎಲ್ಲಾ ಆ ಜಾಗದ ಕೆಲಸ. ಅದು ಕೆಟ್ಟರೆ ಸಾಮಾನ್ಯವಾಗಿ ಪೂರ್ತಿ ಕತ್ತಲೆ ಆಗುವುದಿಲ್ಲ. ಬದಿಯದೆಲ್ಲ ಕಾಣುತ್ತದೆ, ನಡುವಿನದು ಮಾತ್ರ ಹೋಗುತ್ತದೆ. ಮನೆಯೊಳಗೆ ಆರಾಮಾಗಿ ಓಡಾಡುವ ಅಜ್ಜಿ ಮೊಮ್ಮಗಳ ಮುಖ ನೋಡಿ "ಯಾರವಾ ನೀ?" ಅಂತ ಕೇಳಿದರೆ ಅದು ಮರೆವೇ ಇರಬೇಕು ಅಂತಿಲ್ಲ.

ಇದರಲ್ಲಿ ಒಣದು, ಹಸಿದು ಅಂತ ಎರಡು ಬಗೆ. ಜಾಸ್ತಿ ಜನರಿಗೆ ಬರುವುದು ಒಣ ಬಗೆ. ರೆಟಿನಾದ ಕೆಳಗೆ ಹಳದಿ ಚುಕ್ಕೆಗಳು ಕೂಡುತ್ತಾ ಹೋಗುತ್ತವೆ, ವರ್ಷಗಟ್ಟಲೆ ನಿಧಾನಕ್ಕೆ ಸವೆಯುತ್ತದೆ. ಹಸಿ ಬಗೆ ಹಾಗಲ್ಲ. ಅಲ್ಲಿ ಬೇಡದ ರಕ್ತನಾಳಗಳು ಹುಟ್ಟಿ ಸೋರುತ್ತವೆ. ಗೋಡೆಯೊಳಗೆ ನೀರು ಇಳಿದು ಸುಣ್ಣ ಉಬ್ಬುತ್ತದಲ್ಲ, ಹಾಗೆ ರೆಟಿನಾ ಉಬ್ಬುತ್ತದೆ. ಸಾಲು ಸೊಟ್ಟ ಕಾಣುವುದು ಅದಕ್ಕೇ. ಬಿಟ್ಟರೆ ಕೆಲವು ವಾರ, ತಿಂಗಳುಗಳಲ್ಲೇ ಕಲೆ ಕೂರುತ್ತದೆ. ಒಮ್ಮೆ ಕೂತ ಕಲೆಗೆ ಇಂಜೆಕ್ಷನ್‌ನಿಂದ ಪ್ರಯೋಜನವಿಲ್ಲ.

ಸೋರಿಕೆ ತಡೆಯುವ ಔಷಧಿ ಬಂದು ಬಹಳ ವರ್ಷವಾಯಿತು. ರಾನಿಬಿಜುಮ್ಯಾಬ್ ಅನ್ನುವ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ. ಸಾಮಾನ್ಯವಾಗಿ ಮೊದಲು ಮೂರು ತಿಂಗಳು ತಿಂಗಳಿಗೊಂದರಂತೆ ಕೊಡುತ್ತಾರೆ. ಮುಂದಿನದನ್ನು ಯಾವಾಗ ಕೊಡಬೇಕು ಅಂತ ಡಾಕ್ಟರು ನಿರ್ಧರಿಸುವುದು ಕಣ್ಣಿನ ಚಿತ್ರ ನೋಡಿ. ಅಂದರೆ ಚಿತ್ರ ಒಂದು ಸಲ ತೆಗೆದರೆ ಸಾಲದು. ಮತ್ತೆ ಮತ್ತೆ ತೆಗೆಯುತ್ತಲೇ ಇರಬೇಕು.

ನಮ್ಮ ಕ್ಲಿನಿಕ್‌ನಲ್ಲಿ ಕಣ್ಣಿನ ಹಿಂಭಾಗದ ಫೋಟೋ ತೆಗೆಯುವ ಫಂಡಸ್ ಕ್ಯಾಮೆರಾ ಇದೆ. ದಾನಿಗಳೇ ಕೊಡಿಸಿದ್ದು, ದಿನವೂ ಉಪಯೋಗಕ್ಕೆ ಬರುತ್ತಿದೆ. ಅದರಲ್ಲಿ ಹಳದಿ ಚುಕ್ಕೆ ಕಾಣುತ್ತದೆ, ರಕ್ತ ಸೋರಿದ್ದರೆ ಕಾಣುತ್ತದೆ. ಆದರೆ ಅದು ಎದುರಿನಿಂದ ತೆಗೆದ ಚಿತ್ರ. ಚಿರೋಟಿಯನ್ನು ಮೇಲಿನಿಂದ ನೋಡಿದ ಹಾಗೆ. ಒಳಗೆ ಎಷ್ಟು ಪದರ, ಯಾವ ಪದರ ಎದ್ದಿದೆ ಅಂತ ತಿಳಿಯಬೇಕಾದರೆ ಚಿರೋಟಿ ಮುರಿದು ಪಕ್ಕದಿಂದ ನೋಡಬೇಕಲ್ಲ? ಕಣ್ಣನ್ನು ಮುಟ್ಟದೆಯೇ ಹಾಗೆ ಪಕ್ಕದಿಂದ ತೋರಿಸುವ ಯಂತ್ರವೇ ಓಸಿಟಿ. ಕಣ್ಣೊಳಗೆ ಬೆಳಕು ಬಿಟ್ಟು, ಒಂದೊಂದು ಪದರದಿಂದ ಅದು ವಾಪಸ್ ಬರುವುದನ್ನು ಅಳೆದು ಚಿತ್ರ ಕಟ್ಟುತ್ತದೆ. ಮ್ಯಾಕ್ಯುಲಾದ ದಪ್ಪ ಒಂದು ಮಿಲಿಮೀಟರಿನ ಕಾಲು ಭಾಗದ ಆಸುಪಾಸು. ಅಷ್ಟರೊಳಗಿನ ಪದರಗಳನ್ನೆಲ್ಲ ಈ ಯಂತ್ರ ಬೇರೆ ಬೇರೆಯಾಗಿ ತೋರಿಸುತ್ತದೆ. ನೀರು ನಿಂತ ಜಾಗ ಕಪ್ಪು ಗುಳ್ಳೆಯ ಹಾಗೆ ಕಾಣುತ್ತದೆ. ನನ್ನಂಥ ಓದದವನಿಗೂ ಗೊತ್ತಾಗುತ್ತದೆ.

ರೋಗಿಗೆ ಇದರಿಂದ ಕಷ್ಟವೇನೂ ಇಲ್ಲ. ಗದ್ದ ಇಟ್ಟು ಒಳಗಿನ ಸಣ್ಣ ದೀಪ ನೋಡುತ್ತಾ ಕೂತರೆ ಒಂದೆರಡು ನಿಮಿಷದಲ್ಲಿ ಮುಗಿಯಿತು. ಸೂಜಿ ಇಲ್ಲ, ನೋವಿಲ್ಲ. ಅಮೆರಿಕದ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ, ಎರಿಕ್ ಸ್ವಾನ್ಸನ್ ಮತ್ತು ಜೊತೆಗಾರರು ಇದನ್ನು ಜಗತ್ತಿಗೆ ತಿಳಿಸಿದ್ದು 1991ರಲ್ಲಿ. 2023ರಲ್ಲಿ ಈ ಮೂವರಿಗೆ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿಯೂ ಬಂತು. ಸಕ್ಕರೆ ಕಾಯಿಲೆಯಿಂದ ಮ್ಯಾಕ್ಯುಲಾ ಊದಿಕೊಂಡವರಿಗೂ, ಕಣ್ಣಿನ ನರ ಕೆಡುವ ಗ್ಲಾಕೋಮಾ ಇರುವವರಿಗೂ ಇದೇ ಯಂತ್ರ ಬೇಕಾಗುತ್ತದೆ.

ಹುಬ್ಬಳ್ಳಿಯಲ್ಲಿ ಒಳ್ಳೆಯ ಆಸ್ಪತ್ರೆಗಳಿವೆ, ಅಲ್ಲಿಗೇ ಹೋಗಬಹುದಲ್ಲ ಅಂತ ನೀವು ಕೇಳಬಹುದು. ಹೋಗುತ್ತಾರೆ. ಮೊದಲ ಸಲ ಮಗ ಕರೆದುಕೊಂಡು ಹೋಗುತ್ತಾನೆ. ಎರಡನೇ ಸಲವೂ ಹೋಗುತ್ತಾನೆ. ಮೂರನೇ ತಿಂಗಳಿಗೆ ಬಿತ್ತನೆ ಬರುತ್ತದೆ, ಇಲ್ಲವೇ ಹೆಸರು ಬಿಡಿಸುವ ಕಾಲ ಬರುತ್ತದೆ. ರೋಣದ ಕಡೆಯ ಹಳ್ಳಿಯ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದು, ಬುತ್ತಿ ಕಟ್ಟಿಕೊಂಡು, ಗದಗಿಗೆ ಒಂದು ಬಸ್ಸು, ಅಲ್ಲಿಂದ ಸುಮಾರು 60 ಕಿಲೋಮೀಟರ್ ಹುಬ್ಬಳ್ಳಿಗೆ ಇನ್ನೊಂದು. ಕಣ್ಣಿಗೆ ಹನಿ ಹಾಕಿದರೆ ಎಲ್ಲಾ ಮಬ್ಬು, ಒಬ್ಬರೇ ವಾಪಸ್ ಬರುವ ಹಾಗಿಲ್ಲ. ಇಬ್ಬರ ಒಂದು ದಿನದ ದುಡಿಮೆ ಹೋಯಿತು. ಅಷ್ಟೆಲ್ಲ ಮಾಡಿ ಹೋದಾಗ ಚಿತ್ರ ನೋಡಿದ ಡಾಕ್ಟರು "ಈ ಸಲ ಇಂಜೆಕ್ಷನ್ ಬೇಡ, ಮುಂದಿನ ತಿಂಗಳು ನೋಡೋಣ" ಅಂದರು. ನಿಜಕ್ಕೂ ಅದು ಒಳ್ಳೆಯ ಸುದ್ದಿ. ಆದರೆ ಮನೆಯವರಿಗೆ ಸುಮ್ನೆ ಹೋಗಿ ಬಂದ ಹಾಗೆ ಅನಿಸಿತು. ಮುಂದಿನ ತಿಂಗಳು ಯಾರೂ ಕರೆದೊಯ್ಯಲಿಲ್ಲ. ತಪ್ಪು ಅವರದು ಅಂತ ನನಗೆ ಹೇಳಲಾಗುವುದಿಲ್ಲ.

ಯಂತ್ರ ಗದಗಿನ ನಮ್ಮ ಕ್ಲಿನಿಕ್‌ನಲ್ಲೇ ಇದ್ದರೆ ಚಿತ್ರ ಇಲ್ಲಿಯೇ ತೆಗೆಯಬಹುದು. ಕ್ಲಿನಿಕ್‌ನ ಹುಡುಗಿ ಅದರ ತರಬೇತಿ ಮುಗಿಸಿದ್ದಾಳೆ. ತಿಂಗಳಿಗೆ ಎರಡು ಶನಿವಾರ ನಮ್ಮಲ್ಲಿಗೆ ಬರುವ ರೆಟಿನಾ ಡಾಕ್ಟರು ಉಳಿದ ದಿನ ಫೋನಿನಲ್ಲೇ ಚಿತ್ರ ನೋಡಿ ಹೇಳಲು ಒಪ್ಪಿದ್ದಾರೆ. ಇಂಜೆಕ್ಷನ್ ಬೇಕಾದವರು ಮಾತ್ರ ಹುಬ್ಬಳ್ಳಿಗೆ ಹೋದರಾಯಿತು.

ನಮ್ಮ ಊರು ವೀರೇಶ್ವರ ಪುಣ್ಯಾಶ್ರಮದ ಊರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕೊಟ್ಟು, ಅನ್ನ ಕೊಟ್ಟು, ಬದುಕು ಕಟ್ಟಿಕೊಟ್ಟ ಊರು. ಕಣ್ಣಿಲ್ಲದವರಿಗೆ ಬದುಕಿಲ್ಲ ಅಂತ ಗದಗಿನಲ್ಲಿ ಯಾರೂ ಅನ್ನುವುದಿಲ್ಲ. ಆದರೆ ಉಳಿಸಬಹುದಾದ ಕಣ್ಣು ಬಸ್ ಚಾರ್ಜಿಗಾಗಿ ಹೋಗುವುದನ್ನು ನೋಡುತ್ತಾ ಕೂರಲು ನಮ್ಮಿಂದ ಆಗುತ್ತಿಲ್ಲ.

ಇನ್ನು ಲೆಕ್ಕ. ಯಂತ್ರ, ಮೇಜು, ಯುಪಿಎಸ್, ಮೂರು ವರ್ಷದ ನಿರ್ವಹಣೆ ಎಲ್ಲಾ ಸೇರಿ ನಮಗೆ ಬಂದ ಕೊಟೇಶನ್ 24 ಲಕ್ಷ ರೂಪಾಯಿ. ಟ್ರಸ್ಟಿನ ಸದಸ್ಯರು, ಗೆಳೆಯರು ಕೂಡಿ 8.5 ಲಕ್ಷ ಹಾಕಿದ್ದೇವೆ. ಇನ್ನೂ 15.5 ಲಕ್ಷ ಬೇಕು. ಇಂಜೆಕ್ಷನ್ ಖರ್ಚು ಇದರಲ್ಲಿ ಸೇರಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಬಿಪಿಎಲ್ ಕಾರ್ಡಿನವರಿಗೆ ಸ್ಕ್ಯಾನ್ ಪುಕ್ಕಟೆ, ಉಳಿದವರಿಗೆ 200 ರೂಪಾಯಿ. ಆ ಹಣ ಯಂತ್ರದ ರಿಪೇರಿಗೇ ಹೋಗುತ್ತದೆ.

ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ಟ್ರಸ್ಟಿಗೆ ದೇಣಿಗೆಯ ಆದಾಯ ತೆರಿಗೆ ವಿನಾಯಿತಿಗೆ ಬೇಕಾದ 80ಜಿ ನೋಂದಣಿ ಇದೆ. ಆದರೆ ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ದೊಡ್ಡ ಮೊತ್ತವನ್ನು ಚೆಕ್ ಅಥವಾ ಯುಪಿಐ ಮೂಲಕ ಕೊಡಿ, ಪ್ಯಾನ್ ನಂಬರ್ ಬರೆಸಿ. ಹಣ ಕೊಡಲಾಗದವರು ತಿಂಗಳಿಗೊಂದು ಶನಿವಾರ ಬಂದು ವಯಸ್ಸಾದವರನ್ನು ಬಸ್‌ಸ್ಟ್ಯಾಂಡಿನಿಂದ ಕ್ಲಿನಿಕ್‌ಗೆ ಕರೆತಂದರೆ ಅದೂ ನಮಗೆ ದೇಣಿಗೆಯೇ.

ಅಪ್ಪನ ಎಡಗಣ್ಣಿನ ವಿಷಯ ಹೇಳುವುದು ಉಳಿಯಿತು. ಚೌಕಳಿ ಗೆರೆಗಳ ಒಂದು ಕಾರ್ಡು ಬರುತ್ತದೆ, ಆಮ್ಸ್‌ಲರ್ ಗ್ರಿಡ್ ಅಂತ. ಬಲಗಣ್ಣು ಹೋದ ಮೇಲೆ ಅದನ್ನು ದೇವರ ಕೋಣೆಯ ಬಾಗಿಲಿಗೆ ಅಂಟಿಸಿದೆವು. ಅಪ್ಪ ದಿನಾ ಪೂಜೆ ಮುಗಿಸಿ ಬಲಗಣ್ಣು ಮುಚ್ಚಿ ಅದನ್ನು ನೋಡುತ್ತಿದ್ದರು. ಎರಡು ವರ್ಷದ ನಂತರ ಒಂದು ದಿನ, "ಮೂಲ್ಯಾಗಿನ ಗೆರಿ ಡೊಂಕ ಆತು" ಅಂದರು. ಮಾರನೇ ದಿನವೇ ಸ್ಕ್ಯಾನ್ ಆಯಿತು. ಸಣ್ಣ ಕಪ್ಪು ಗುಳ್ಳೆ ಇತ್ತು. ಇಂಜೆಕ್ಷನ್‌ಗೆ ಅದು ಇಂಗಿತು. ಈಗ 79. ಪೇಪರಿನ ದೊಡ್ಡಕ್ಷರ ಈಗಲೂ ಅವರೇ ಓದುತ್ತಾರೆ.

ಅದೇ ಕಾರ್ಡನ್ನು ಗದಗಿನ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿದ್ದೇವೆ. ಅಪ್ಪ ಬೆರಳಾಡಿಸಿ ಗೆರೆ ನೋಡಿ ಒಪ್ಪಿದ ಮೇಲೆಯೇ ಪ್ರಿಂಟಿಗೆ ಹೋಯಿತು. ಓದುವ ಕನ್ನಡಕ ಹಾಕಿಕೊಂಡು, ಕಾರ್ಡನ್ನು ಒಂದು ಅಡಿ ದೂರ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡಬೇಕು. ಎರಡೂ ಕಣ್ಣು ತೆರೆದು ನೋಡಿದರೆ ಚೆನ್ನಾಗಿರುವ ಕಣ್ಣು ಕೆಟ್ಟದ್ದನ್ನು ಮುಚ್ಚಿಹಾಕುತ್ತದೆ. ನಮಗೆ ಮೊದಲ ಸಲ ಆದ ಮೋಸ ಅದೇ. ಗೆರೆ ಬಾಗಿದರೆ, ಅಳಿಸಿದ ಹಾಗೆ ಕಂಡರೆ, ತಡ ಮಾಡದೆ ರೆಟಿನಾ ಡಾಕ್ಟರ ಹತ್ತಿರ ಹೋಗಿ. 50 ದಾಟಿದವರು, ಬೀಡಿ ಸಿಗರೇಟು ಸೇದುವವರು, ಮನೆಯಲ್ಲಿ ಹಿರಿಯರಿಗೆ ಈ ತೊಂದರೆ ಇದ್ದವರು ತಪ್ಪದೇ ನೋಡಿಕೊಳ್ಳಿ.

ಕಾರ್ಡು ಟ್ರಸ್ಟಿನ ಕಚೇರಿಯಲ್ಲಿ ಪುಕ್ಕಟೆ ಸಿಗುತ್ತದೆ. ದೇಣಿಗೆ ಕೊಡದಿದ್ದರೂ ಒಂದು ಒಯ್ಯಿರಿ, ಪಕ್ಕದ ಮನೆಗೂ ಒಂದು ಒಯ್ಯಿರಿ.

ನಿಮ್ಮವ,
ಕಾರ್ಯದರ್ಶಿ, ಟ್ರಸ್ಟಿನ ಎಲ್ಲ ಸದಸ್ಯರ ಪರವಾಗಿ
ಗದಗ