ಎರಡು ಚೆಂಡುಗಳ ಋಣ

ಕಳೆದ ಶನಿವಾರ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್‌ನ ಕೊನೆಯ ಮ್ಯಾಚ್ ಆಡಿ ಬೂಟು ಕಳಚಿಟ್ಟೆ. ರಿಸರ್ವ್ಸ್, ಅಂದರೆ ಕ್ಲಬ್ಬಿನ ಎರಡನೇ ತಂಡದ ಆಟ, ಸೋತೆವು, ಆ ಮಾತು ಅಲ್ಲಿಗೇ ಬಿಡೋಣ. ಆ ದಿನದ ನನ್ನ ಫೋಟೊ ನೋಡಿ ಹಾರೈಸಿದ ಎಲ್ಲರಿಗೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಬೆಂಗಳೂರಿನ ಆಸ್ಟಿನ್ ಟೌನ್‌ನ ನನ್ನ ಕೋಚ್ ಸರ್‌ಗೆ. ಬೂಟಿಲ್ಲ ಎಂದು ಯಾರಾದರೂ ಗೊಣಗಿದರೆ ಅವರು 1948ರ ಲಂಡನ್ ಒಲಿಂಪಿಕ್ಸ್ ಕಥೆ ತೆಗೆಯುತ್ತಿದ್ದರು. ಬಹುಪಾಲು ಬರಿಗಾಲಲ್ಲೇ ಆಡಿದ ಭಾರತ ತಂಡ, ಫ್ರಾನ್ಸ್ ವಿರುದ್ಧ ನಮ್ಮೂರಿನ ಸಾರಂಗಪಾಣಿ ರಾಮನ್ ಹೊಡೆದ ಗೋಲು! 2-1ರಿಂದ ಸೋತೆವು ಎಂಬುದನ್ನು ಮಾತ್ರ ಮೆಲ್ಲಗೆ ಹೇಳುವರು. ನನ್ನ ಎತ್ತರ ನೋಡಿ ಗೋಲ್‌ಕೀಪರ್ ಆಗಿ ನಿಲ್ಲಿಸಿದವರು, ತಮ್ಮ ಜೇಬಿನ ದುಡ್ಡಲ್ಲಿ ಗ್ಲವ್ಸ್ ಕೊಡಿಸಿದವರು ಅವರೇ. "ಹೆಬ್ಬೆರಳೆರಡೂ ಚೆಂಡಿನ ಹಿಂದೆ ಇರ್ಬೇಕು ಕಣೋ, ಪಕ್ಕಕ್ಕಲ್ಲ" ಎಂದು ಸಂಜೆಯಿಡೀ ಕೂಗುತ್ತಿದ್ದರು.

ಕೆಲಸಕ್ಕೆಂದು ಇಲ್ಲಿಗೆ ಬಂದ ಮೇಲೆ ಆಫೀಸಿನ ಗೆಳೆಯರು ಫುಟ್ಬಾಲ್‌ಗೆ ಕರೆದರು. ಹೋಗಿ ನೋಡಿದರೆ ಅದು ನಮ್ಮ ಫುಟ್ಬಾಲ್ ಅಲ್ಲ, ಇಲ್ಲಿಯವರ ಆಸ್ಟ್ರೇಲಿಯನ್ ರೂಲ್ಸ್; ಚೆಂಡು ಮೊಟ್ಟೆಯಂತಿತ್ತು! ಒಂದೊಂದು ಕಡೆ 18 ಜನ, ಎರಡು ತುದಿಯಲ್ಲೂ ನಾಲ್ಕು ನಾಲ್ಕು ಕಂಬ, ನೆಟ್ಟೂ ಇಲ್ಲ, ಗೋಲ್‌ಕೀಪರೂ ಇಲ್ಲ. ಅದರ ಮೇಲೆ ಇಲ್ಲಿಯ ಚಳಿಗಾಲದಲ್ಲಿ ತೋಳಿಲ್ಲದ ಜೆರ್ಸಿ. ಆದರೆ 15 ಮೀಟರ್ ದಾಟಿ ಬಂದ ಒದೆತವನ್ನು ಗಾಳಿಯಲ್ಲೇ ಹಿಡಿದರೆ ಅದು ಮಾರ್ಕ್. ಆಮೇಲೆ ನಿರಾಳವಾಗಿ ಒದೆಯಬಹುದು. ಸರ್ ಕಲಿಸಿದ ಹೆಬ್ಬೆರಳು ಅಲ್ಲಿ ಕೈಹಿಡಿಯಿತು, ನಮ್ಮ ಗೋಲಿನ ಮುಂದೆ ನಿಂತು ತಡೆಯುವ ಫುಲ್ ಬ್ಯಾಕ್ ಜಾಗ ಸಿಕ್ಕಿತು.

ಒದೆಯುವುದನ್ನು ಮಾತ್ರ ಹೊಸದಾಗಿ ಕಲಿತೆ. ಗೋಲ್‌ಕೀಪರ್ ಆಗಿದ್ದಾಗ ಚೆಂಡನ್ನು ಮೇಲೆ ಚಿಮ್ಮಿಸಿ ಒದೆದ ಅಭ್ಯಾಸ, ಇಲ್ಲಿ ಅದು ನಡೆಯದು. ತಂಡದ ಹಿರಿಯ, ಪ್ಲಂಬರ್ ಕೆಲಸದವನು, ಪ್ರಾಕ್ಟೀಸ್ ಮುಗಿದ ಮೇಲೂ ಕತ್ತಲಲ್ಲಿ ನಿಂತು, ಚೆಂಡನ್ನು ಒಂದೇ ಕೈಯಲ್ಲಿ ಕಾಲಿನ ಹತ್ತಿರದವರೆಗೂ ಇಳಿಸಿ ಅಲುಗಾಡದಂತೆ ಬಿಡುವುದನ್ನು ತೋರಿಸಿಕೊಟ್ಟ. ಅವನಿಗೆ ಇದರಿಂದ ಬಿಡಿಗಾಸು ಬರುತ್ತಿರಲಿಲ್ಲ. 1892ರಿಂದ ನಡೆದುಬಂದ ಇಲ್ಲಿಯ ಹವ್ಯಾಸಿ ಲೀಗ್‌ನಲ್ಲಿ ಆಡುವವರೇ ಫೀಸು ಕಟ್ಟುತ್ತೇವೆ.

ಜೆರ್ಸಿ ಒಗೆದವರು, ಬ್ರೇಕ್‌ಗೆ ಕಿತ್ತಳೆ ಹೆಚ್ಚಿಟ್ಟವರು, ಭುಜಕ್ಕೆ ಟೇಪ್ ಸುತ್ತಿದವರು, ಸ್ಕೋರ್ ಬರೆದವರು: ನಿಮ್ಮಲ್ಲಿ ಅರ್ಧ ಜನರ ಪೂರ್ತಿ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ, ಆದರೆ ಶನಿವಾರಗಳು ನಡೆದದ್ದೇ ನಿಮ್ಮಿಂದ. ಆ ಶನಿವಾರಗಳಲ್ಲಿ ಮನೆ, ಮಕ್ಕಳು, ದಿನಸಿ ಎಲ್ಲ ನೋಡಿಕೊಂಡ ಹೆಂಡತಿಗೆ ಥ್ಯಾಂಕ್ಸ್ ಎಂದರೆ ನಗುತ್ತಾಳೆ, ಆದರೂ ಹೇಳುತ್ತಿದ್ದೇನೆ. ಒಮ್ಮೆ ಊರಿಂದ ಬಂದು ಗೆರೆಯಾಚೆ ನಿಂತು, "ಇಷ್ಟು ಜನ ಒಬ್ಬನ ಮೇಲೆ ಬೀಳ್ತಿದ್ರೂ ಅಂಪೈರು ಸುಮ್ನಿದಾನಲ್ಲೋ" ಎಂದು ನನ್ನ ಪರವಾಗಿ ಜಗಳಕ್ಕೆ ನಿಂತ ಅಮ್ಮನಿಗೂ.

ಮುಂದಿನ ಸೀಸನ್‌ಗೆ ಗೋಲ್ ಅಂಪೈರ್ ಆಗಲು ಹೆಸರು ಕೊಟ್ಟಿದ್ದೇನೆ. ಗೋಲಾದರೆ ಎರಡು ಬಾವುಟ, ಪಕ್ಕದ ಕಂಬಗಳ ನಡುವೆ ಹೋದರೆ ಒಂದು. ಬಿಳಿ ಕೋಟು ಮಾತ್ರ ಹೊಟ್ಟೆಯ ಹತ್ತಿರ ಬಿಗಿ; ಕ್ಲಬ್ಬಿನವರು ದಯವಿಟ್ಟು ಒಂದು ಸೈಜ್ ದೊಡ್ಡದು ತರಿಸಿ.