ಸ್ಟುಟ್‌ಗಾರ್ಟಿನಲ್ಲಿರುವ ಅಕ್ಕನ ಮಗಳಿಗೆ

ಕೋಲಾರ

ಚಿ. ಸೌ. ಪುಟ್ಟಿಗೆ ನಿನ್ನ ಮಾಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ವಾಟ್ಸಾಪ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಅವತ್ತು ಫೋನಿನಲ್ಲಿ ನೀನು ಅಳುವುದಕ್ಕೆ ಶುರು ಮಾಡಿದೆ, ನನಗೆ ಬಾಯೇ ಬರಲಿಲ್ಲ. ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯಿತು.

ಮಗು ಜರ್ಮನ್‌ನಲ್ಲಿ ಹಿಂದೆ ಬಿದ್ದಿದ್ದಾನೆ, ಮನೆಯಲ್ಲೂ ಜರ್ಮನ್ ಮಾತಾಡಿ ಅಂತ ಕಿಟಾದ, ಅಂದರೆ ಅಲ್ಲಿನ ಶಿಶುವಿಹಾರದ, ಟೀಚರ್ ಹೇಳಿದರು ಅಂದೆ. ಪಾಪ, ಅವರು ಒಳ್ಳೆಯದಕ್ಕೇ ಹೇಳಿರುತ್ತಾರೆ. ಆದರೆ ಕೇಳಬೇಡ. ನಿನ್ನ ಜರ್ಮನ್‌ನಲ್ಲಿ ಈಗ ಇರುವುದು ಬಾ, ತಿನ್ನು, ಮಲಗು, ಇಷ್ಟೇ ತಾನೇ? ಅದರಲ್ಲಿ ಕಥೆ ಹೇಳೋಕೆ ಆಗುತ್ತಾ? ಮುನಿಸಿಕೊಂಡವನನ್ನು ರಮಿಸೋಕೆ ಆಗುತ್ತಾ? ಅವನ ಜರ್ಮನ್‌ಗೆ ಕಿಟಾ ಇದೆ, ಮೈದಾನ ಇದೆ, ಗೆಳೆಯರಿದ್ದಾರೆ. ಕನ್ನಡಕ್ಕೆ ಅಲ್ಲಿ ನೀವಿಬ್ಬರು ಬಿಟ್ಟರೆ ಯಾರಿದ್ದಾರೆ?

ನನಗೂ ಹಿಂದೆ ಒಬ್ಬರು ಹೀಗೇ ಹೇಳಿದ್ದರು. ಮನೆಯಲ್ಲಿ ತೆಲುಗು ಮಾತಾಡಿದರೆ ಹುಡುಗನ ಇಂಗ್ಲಿಷೂ ಕೆಡುತ್ತದೆ, ಕನ್ನಡವೂ ಕೆಡುತ್ತದೆ ಅಂತ. ನಾನು ತಲೆಯಾಡಿಸಿ ಬಂದು ಅವತ್ತೇ ನಿಲ್ಲಿಸಿದೆ. ಕೊನೆಗಾಲದಲ್ಲಿ ಅವ್ವ ನಮ್ಮ ಮನೆಗೆ ಬಂದರಲ್ಲ, ನಿನಗೆ ನೆನಪಿದೆ. ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೆ ಜ್ವರ ಏರಿದರೆ ಬಾಯಲ್ಲಿ ತೆಲುಗು ಮಾತ್ರ. ಒಂದು ರಾತ್ರಿ ಚಳಿಗೆ ನಡುಗುತ್ತಾ ನನ್ನ ಮಗನಿಗೆ ‘ತಲುಪು ವೆಯ್ರಾ’ ಅಂದರು. ಬಾಗಿಲು ಹಾಕೋ ಅಂತ. ಹತ್ತು ವರ್ಷದ ಹುಡುಗ ಅಡುಗೆಮನೆಗೆ ಓಡಿಬಂದು ‘ಅಪ್ಪ, ಅವ್ವ ಎಲ್ಲಿಗೋ ತಲುಪಬೇಕಂತೆ’ ಅಂದ. ನಾವೆಲ್ಲ ನಕ್ಕೆವು. ಬಾಗಿಲು ಹಾಕೋಕೆ ನಾನು ಹೋದಾಗ ಅವ್ವ ಗೋಡೆ ಕಡೆ ತಿರುಗಿ ಮಲಗಿದ್ದರು. ನನ್ನನ್ನು ನೋಡಲಿಲ್ಲ.

ಇಷ್ಟಕ್ಕೂ ಎರಡು ಮೂರು ಭಾಷೆಯಿಂದ ಕೆಟ್ಟವರು ನಮ್ಮ ಕಡೆ ಯಾರಿದ್ದಾರೆ? ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು. ಬಂಗಾರಪೇಟೆ ದಾಟಿ ಕೆಜಿಎಫ್ ಕಡೆ ಹೋದರೆ ತಮಿಳು, ಮುಳಬಾಗಿಲು ದಾಟಿದರೆ ತೆಲುಗು, ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಉರ್ದು. ಯಾವುದನ್ನೂ ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಜಿಲ್ಲೆಯ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಬಂದದ್ದು ಕನ್ನಡಕ್ಕೆ, ಅಲ್ವಾ?

ಅವನು ಬೆರೆಸಿ ಮಾತಾಡುತ್ತಾನೆ ಅಂತ ಹೆದರಬೇಡ. ‘ಅಪ್ಪ ಶ್ಲಾಫೆನ್ ಮಾಡ್ತಿದಾರೆ’ ಅಂದನಲ್ಲ, ನನಗೆ ಖುಷಿಯಾಯಿತು. ನಾವು ‘ಡ್ರೈವ್ ಮಾಡು’, ‘ಫೋನ್ ಮಾಡು’ ಅನ್ನುವುದಿಲ್ಲವಾ, ಅದೇ ಕನ್ನಡ. ಬೈದು ತಿದ್ದಬೇಡ. ‘ಹೌದು, ಅಪ್ಪ ಮಲಗಿದಾರೆ’ ಅಂತ ಸುಮ್ನೆ ತಿರುಗಿಸಿ ಹೇಳು. ಅವನು ಜರ್ಮನ್‌ನಲ್ಲಿ ಕೇಳಿದರೂ ನೀನು ಕನ್ನಡದಲ್ಲೇ ಉತ್ತರ ಕೊಡು. ಒಂದು ವಿಷಯಕ್ಕೆ ಮಾತ್ರ ಸ್ವಲ್ಪ ಕಿವಿ ಇಟ್ಟಿರು. ಜರ್ಮನ್‌ನಲ್ಲಿ ಳಕಾರ ಇಲ್ಲ. ಮೊನ್ನೆ ವಿಡಿಯೋದಲ್ಲಿ ‘ತಾತನ ಹಲ್ಲಿಗೆ ಬರ್ತೀನಿ’ ಅಂದ. ಹಳ್ಳಿಗೆ ಬಾರಪ್ಪ, ಹಲ್ಲಿಯೂ ಇದೆ, ಟ್ಯೂಬ್‌ಲೈಟ್ ಪಕ್ಕದಲ್ಲೇ ಇದೆ ಅಂದೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಜರ್ಮನ್ ಗಟ್ಟಿಯಾಗಿ ಕಲಿಯಬೇಕಾದವಳು ನೀನು. ಹಿಂದೆ ಬಿದ್ದಿದ್ದಾನೆ ಅನ್ನಿಸಿಕೊಂಡ ಹುಡುಗನೇ ಡಾಕ್ಟರ್ ಮುಂದೆ ನಿನ್ನ ಪರವಾಗಿ ಮಾತಾಡಿದ ಅಂತ ಹೆಮ್ಮೆಯಿಂದ ಹೇಳಿದೆ. ನನಗೆ ಅದು ಸರಿಕಾಣಲಿಲ್ಲ. ಒಂದು ಸಲ ನರಸಾಪುರದಲ್ಲಿ ಒಂದು ಸಂಸಾರ ಬಸ್ ಹತ್ತಿತು, ಉತ್ತರದ ಕಡೆಯ ಕೂಲಿಯವರು. ಕನ್ನಡ ಬರುತ್ತಿದ್ದದ್ದು ಹುಡುಗನಿಗೆ ಮಾತ್ರ. ವಯಸ್ಸು ಎಷ್ಟು ಅಂತ ಕೇಳಿದೆ. ಅವನು ಅಪ್ಪನನ್ನು ಕೇಳಿದ, ಅಪ್ಪ ಹಿಂದಿಯಲ್ಲಿ ಹದಿಮೂರು ಅಂದ. ಹುಡುಗ ನನ್ನ ಕಡೆ ತಿರುಗಿ ‘ಹತ್ತಂತೆ ಸಾರ್’ ಅಂದ. ನನಗೆ ಉರ್ದು ಬರುತ್ತದೆ ಅಂತ ಅವನಿಗೇನು ಗೊತ್ತು? ಹಾಫ್ ಟಿಕೆಟ್ ಕೊಟ್ಟೆನೋ ಫುಲ್ ಕೊಟ್ಟೆನೋ ಈಗ ಕೇಳಬೇಡ. ಆ ಅಪ್ಪನ ಮುಖ ನೆನಪಿದೆ. ತನ್ನ ಮಗ ಏನು ಹೇಳಿದ ಅಂತಲೇ ಗೊತ್ತಿಲ್ಲದೆ ನಗುತ್ತಾ ನಿಂತಿದ್ದ.

ಆದ್ದರಿಂದ ಆ 600 ಪೀರಿಯಡ್ಡಿನ ಜರ್ಮನ್ ಕೋರ್ಸನ್ನು ಅರ್ಧಕ್ಕೆ ಬಿಡಬೇಡ. ಅದರ ಕೊನೆಯ ಬಿ1 ಪರೀಕ್ಷೆ ಕೊಟ್ಟೇ ಬಿಡು. ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ಎರಡೂ ಅಲ್ಲ ಅಂತ ಗೋಳಾಡಿದೆ. ಎಲ್ಲವನ್ನೂ ‘ಅದು’ ಅಂದು ಬೆಳೆದ ನಮಗೆ ಅದು ಕಷ್ಟವೇ, ಬಾಯಿಪಾಠ ಬಿಟ್ಟು ಬೇರೆ ದಾರಿ ಇಲ್ಲ. ಇಪ್ಪತ್ತೈದನ್ನು ಐದು‌-ಮತ್ತು-ಇಪ್ಪತ್ತು ಅನ್ನುತ್ತಾರಂತೆ. ನಾನು ಅಲ್ಲಿ ಕಂಡಕ್ಟರ್ ಆಗಿದ್ದರೆ ದಿನಾ ಕೈಯಿಂದ ಚಿಲ್ಲರೆ ಕಟ್ಟಬೇಕಾಗುತ್ತಿತ್ತು. ಆದರೆ ‘ಯಾಕಂದರೆ’ ಅನ್ನುವ ‘ವೈಲ್’ ಬಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ ಅಂತಲೂ ಅತ್ತೆಯಲ್ಲ, ಅದಕ್ಕೆ ಅಳೋದೇನಿದೆ? ನಮ್ಮ ಕ್ರಿಯಾಪದ ಯಾವಾಗಲೂ ಅಲ್ಲೇ ಕೂತಿರೋದು. ಪುಸ್ತಕದಲ್ಲಿ ‘ಇದೆ’ ಅನ್ನೋಕೆ ಇರುವ ‘ಇಸ್ಟ್’ ಅಲ್ಲಿನ ಅಂಗಡಿಯಲ್ಲಿ ‘ಇಶ್’ ಆದರೂ ಗಾಬರಿಯಾಗಬೇಡ. ಕೋಲಾರದ ಕನ್ನಡ ಕೇಳಿ ಮೈಸೂರಿನವರು ಗಾಬರಿಯಾಗುವುದಿಲ್ಲವಾ, ಹಾಗೆ.

ಹೋದ ತಿಂಗಳು ನೀನು ಎಸ್ಲಿಂಗೆನ್ ಊರಿನ ಫೋಟೋ ಕಳಿಸಿದ್ದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ತಂದ ಮೋಗ್ಲಿಂಗ್ ತೀರಿಕೊಂಡದ್ದು ಅದೇ ಊರಿನಲ್ಲಿ. ನಿಘಂಟಿನ ಕಿಟ್ಟೆಲ್ ಕೊನೆಗೆ ಇದ್ದದ್ದು ನಿಮ್ಮ ಹತ್ತಿರದ ಟ್ಯೂಬಿಂಗೆನ್‌ನಲ್ಲಿ. ಇಪ್ಪತ್ತು ದಾಟಿದ ಮೇಲೆ ಇಲ್ಲಿಗೆ ಬಂದು ಳಕಾರ ಕಲಿತವರು ಅವರು. ಇನ್ನೊಂದು ಸಲ ಹೋದರೆ ಹುಡುಗನಿಗೆ ಇದನ್ನು ಹೇಳು. ಕನ್ನಡದಲ್ಲೇ ಹೇಳು.

ನಿನ್ನ ಗಂಡ ತುಮಕೂರಿನವನು, ನಿಮ್ಮ ಮನೆಯಲ್ಲಿ ತೆಲುಗು ನಿಂತಿತು. ಅದನ್ನು ನಾನು ಕೇಳುವುದಿಲ್ಲ, ಕೇಳೋಕೆ ನನಗೆ ಮುಖವೂ ಇಲ್ಲ. ಮುಂದಿನ ವರ್ಷ ಹುಡುಗ ಸ್ಕೂಲಿಗೆ ಸೇರಿದರೆ ದೊಡ್ಡ ರಜ ಸಿಗುವುದು ಜುಲೈ ಕೊನೆಗಂತೆ. ಅಷ್ಟು ಹೊತ್ತಿಗೆ ಶ್ರೀನಿವಾಸಪುರದ ಮಾವಿನ ಮಂಡಿ ಖಾಲಿಯಾಗಿರುತ್ತದೆ. ಈ ಸಲ ಮೇ ತಿಂಗಳಲ್ಲೇ ಕರಕೊಂಡು ಬಾ. ಒಂದು ತಿಂಗಳು ಬಿಟ್ಟು ಹೋಗುವ ಹಾಗಿದ್ದರೆ ಇನ್ನೂ ಒಳ್ಳೆಯದು.

ಇಂತಿ ನಿನ್ನ
ಮಾಮ